ಕರೆದವರ ಹೊಣೆ

ನಮ್ಮ ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಮದುವೆಯೂಟಗಳಲ್ಲಿ ನೀವು ಅನೇಕ ಬಾರಿ ಪಾಲ್ಗೊಂಡಿದ್ದೀರಿ. ಮೊದಲ ಪಂಕ್ತಿಯಲ್ಲಿ ಬೀಗರೂ ಊರ ಹಿರಿಯರೂ ಕುಳಿತಾಗ ಬಡಿಸುವ ಕೈಗಳಿಗೆ ಕೊರತೆಯಿರುವುದಿಲ್ಲ. ಆದರೆ ಮನೆತನದ ಮರ್ಯಾದೆ ತಿಳಿಯುವುದು ಕೊನೆಯ ಪಂಕ್ತಿಯಲ್ಲಿ. ಗದ್ದೆಯ ಕೆಲಸ ಮುಗಿಸಿ ತಡವಾಗಿ ಬಂದ ಕೂಲಿಯವನಿಗೂ ಅನ್ನ ಸಾಕಾಯಿತೇ ಎಂದು ನೋಡುವವರೆಗೆ ಮನೆಯ ಯಜಮಾನನು ಊಟಕ್ಕೆ ಕೂರುವುದಿಲ್ಲ. ಕರೆದವರು ನಾವು, ಆದುದರಿಂದ ಬಂದವರ ಹೊಣೆಯೂ ನಮ್ಮದೇ ಎಂಬ ಈ ತಿಳಿವಳಿಕೆಯನ್ನು ನಮಗೆ ಯಾವ ಕಾನೂನೂ ಕಲಿಸಿಲ್ಲ.

ಒಂದು ಮನೆಯು ಕರೆದಾಗ ಇಷ್ಟು ಸ್ಪಷ್ಟವಾಗಿರುವ ಈ ಹೊಣೆ, ಒಂದು ನಾಡೇ ಜನರನ್ನು ಕ್ರೀಡೋತ್ಸವಕ್ಕೆ ಕರೆದಾಗ ಯಾರಿಗೆ ಸೇರುತ್ತದೆ? ಈ ಪ್ರಶ್ನೆಯನ್ನು ನಮ್ಮ ರಾಜ್ಯದ ಮುಂದೆ ಅತ್ಯಂತ ನೋವಿನಿಂದ ಇರಿಸಿದ ದಿನ 2025ರ ಜೂನ್ 4.

ಅದರ ಹಿಂದಿನ ರಾತ್ರಿ ಅಹಮದಾಬಾದಿನಲ್ಲಿ ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡವು ಐಪಿಎಲ್ ಕ್ರಿಕೆಟ್ ಪ್ರಶಸ್ತಿಯನ್ನು ಮೊದಲ ಬಾರಿಗೆ ಗೆದ್ದಿತ್ತು. ಹದಿನೆಂಟು ಆವೃತ್ತಿಗಳ ಕಾಯುವಿಕೆ ಕೊನೆಗೊಂಡಿತ್ತು. ನಮ್ಮ ಊರುಗಳ ಓಣಿಗಳಲ್ಲಿಯೂ ಪಟಾಕಿಗಳು ಸಿಡಿದವು. ಮರುದಿನವೇ ವಿಧಾನಸೌಧದ ಮೆಟ್ಟಿಲುಗಳ ಮೇಲೆ ತಂಡಕ್ಕೆ ಸನ್ಮಾನ, ಬಳಿಕ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಜಯೋತ್ಸವ ಎಂದು ಗೊತ್ತಾಯಿತು. ಆ ಕ್ರೀಡಾಂಗಣದಲ್ಲಿ ಇರುವ ಸ್ಥಳ ಸುಮಾರು 35,000 ಜನರಿಗೆ. ನೆರೆದವರು ಎರಡು ಮೂರು ಲಕ್ಷ ಎಂದು ಮುಖ್ಯಮಂತ್ರಿಗಳೇ ಅಂದು ಹೇಳಿದರು. ದ್ವಾರಗಳ ಬಳಿ ಉಂಟಾದ ನೂಕುನುಗ್ಗಲಿನಲ್ಲಿ 11 ಜನರು ಪ್ರಾಣ ಕಳೆದುಕೊಂಡರು, 50ಕ್ಕೂ ಹೆಚ್ಚು ಜನರು ಗಾಯಗೊಂಡರು. ಸತ್ತವರಲ್ಲಿ ಹೆಚ್ಚಿನವರು ಎಳೆಯ ವಯಸ್ಸಿನವರು. ಅದೇ ಹೊತ್ತಿನಲ್ಲಿ ಗೋಡೆಯ ಒಳಗೆ ಉತ್ಸವ ನಡೆದಿತ್ತು. ಹೊರಗಿನ ಸಾವು ಒಳಗಿದ್ದವರಿಗೆ ತಿಳಿದಿರಲಿಲ್ಲ ಎಂದು ಆಮೇಲೆ ಹೇಳಲಾಯಿತು.

ತಿಳಿದಿರಲಿಲ್ಲ ಎಂಬ ಮಾತು ನಿಜವೇ ಇರಬಹುದು. ಆದರೆ ಹೊರಗಿನ ಪಂಕ್ತಿಯಲ್ಲಿ ಏನಾಗುತ್ತಿದೆ ಎಂಬುದು ಒಳಗಿನವರಿಗೆ ತಿಳಿಯದಂತಹ ಊಟದ ಮನೆಯನ್ನು ಕಟ್ಟಿದ್ದೇ ಮೊದಲ ತಪ್ಪಲ್ಲವೇ?

ಅನಂತರ ನಡೆದದ್ದನ್ನು ನೆನೆಯಿರಿ. ಪೊಲೀಸ್ ಆಯುಕ್ತರನ್ನೂ ಇತರ ಅಧಿಕಾರಿಗಳನ್ನೂ ಸರ್ಕಾರವು ಮರುದಿನವೇ ಅಮಾನತುಗೊಳಿಸಿತು. ತಂಡದವರು ಅನುಮತಿಯಿಲ್ಲದೆ ಸಾಮಾಜಿಕ ಜಾಲತಾಣಗಳಲ್ಲಿ ಜನರನ್ನು ಆಹ್ವಾನಿಸಿದರೆಂದು ಸರ್ಕಾರವು ಉಚ್ಚ ನ್ಯಾಯಾಲಯಕ್ಕೆ ತಿಳಿಸಿತು. ಈ ಸಮಾರಂಭ ತನ್ನದಲ್ಲವೆಂದು ಭಾರತೀಯ ಕ್ರಿಕೆಟ್ ಮಂಡಳಿ ದೂರ ಸರಿಯಿತು. ಕೇಂದ್ರ ಆಡಳಿತಾತ್ಮಕ ನ್ಯಾಯಮಂಡಳಿಯು ಒಬ್ಬ ಅಧಿಕಾರಿಯ ಅಮಾನತನ್ನು ರದ್ದುಪಡಿಸುತ್ತಾ, ಅಷ್ಟು ಜನ ಸೇರಲು ಮೇಲ್ನೋಟಕ್ಕೆ ತಂಡವೇ ಕಾರಣವೆಂದಿತು. ರಾಜ್ಯ ಕ್ರಿಕೆಟ್ ಸಂಸ್ಥೆಯ ಕಾರ್ಯದರ್ಶಿ ಮತ್ತು ಖಜಾಂಚಿಗಳು, ತಮ್ಮ ಪಾತ್ರ ಸೀಮಿತವಾಗಿತ್ತೆಂದು ಹೇಳಿಕೊಂಡರೂ, ನೈತಿಕ ಹೊಣೆ ಹೊತ್ತು ರಾಜೀನಾಮೆ ನೀಡಿದರು. ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕಲ್ ಕುನ್ಹಾ ಅವರ ಆಯೋಗವು ಆ ಕ್ರೀಡಾಂಗಣವು ಅಂತಹ ದೊಡ್ಡ ಕೂಟಗಳಿಗೆ ಸುರಕ್ಷಿತವಲ್ಲ ಎಂದು ವರದಿಯಿತ್ತಿತು. ಆ ವರ್ಷದ ಮಹಿಳಾ ವಿಶ್ವಕಪ್ ಪಂದ್ಯಗಳು ಬೆಂಗಳೂರಿನ ಕೈತಪ್ಪಿ ನವಿ ಮುಂಬಯಿಗೆ ಹೋದವು.

ಯಾರದು ಎಷ್ಟು ತಪ್ಪು ಎಂಬುದನ್ನು ನ್ಯಾಯಾಲಯಗಳು ತೂಗಲಿ. ನಾವು ವಿಚಾರ ಮಾಡಬೇಕಾದದ್ದು ಬೇರೊಂದಿದೆ. ಕೀರ್ತಿಯನ್ನು ಹಂಚಿಕೊಳ್ಳುವಾಗ ತುಂಬಿದ್ದ ವೇದಿಕೆಯು ಹೊಣೆಯನ್ನು ಹಂಚಿಕೊಳ್ಳುವಾಗ ಏಕೆ ಬರಿದಾಯಿತು? ಹೊಣೆಯೆಂಬುದು ಹೊಲದಂತೆ ಪಾಲಾಗುವ ವಸ್ತುವೆಂದು ನಾವು ಭಾವಿಸಿದ್ದೇವೆ. ನಾಲ್ವರು ಕರೆದರೆ ಒಬ್ಬೊಬ್ಬನಿಗೆ ಕಾಲು ಭಾಗ ಎಂಬುದು ನಮ್ಮ ಲೆಕ್ಕ. ಆ ಕಾಲು ಭಾಗವನ್ನೂ ಪಕ್ಕದವನು ನೋಡಿಕೊಳ್ಳುತ್ತಾನೆ ಎಂಬುದು ನಮ್ಮ ಸಮಾಧಾನ. ಆದರೆ ಮನೆಯಲ್ಲಿ ಮಗುವಿಗೆ ಜ್ವರ ಬಂದಾಗ ತಂದೆಯಿದ್ದಾನೆಂಬ ಕಾರಣಕ್ಕೆ ತಾಯಿಯ ಹೊಣೆ ಅರ್ಧವಾಗುವುದಿಲ್ಲ. ಇಬ್ಬರಿಗೂ ಅದು ಪೂರ್ಣವಾದ ಹೊಣೆ. ಕೂಡಿ ಕರೆದವರ ಹೊಣೆಯೂ ಇಂತಹುದೇ. ಅದನ್ನು ಹಂಚಬಹುದು, ಆದರೆ ಕುಗ್ಗಿಸಲಾಗದು.

ಇಲ್ಲಿ ನಿಮ್ಮಲ್ಲಿ ಕೆಲವರು ಕೇಳಬಹುದು: ಆ ಜನರು ಅಲ್ಲಿಗೆ ಹೋದದ್ದಾದರೂ ಏಕೆ? ಅಭಿಮಾನಕ್ಕೂ ಒಂದು ಮಿತಿ ಬೇಡವೇ? ಈ ಪ್ರಶ್ನೆಯಲ್ಲಿ ಸತ್ಯಾಂಶವಿಲ್ಲವೆಂದಲ್ಲ. ಮಕ್ಕಳಿಗೆ ಸಂಯಮವನ್ನು ಕಲಿಸುವುದು ನಮ್ಮ ಕರ್ತವ್ಯವೇ ಸರಿ. ಆದರೆ ಸತ್ತವರ ಮೇಲೆಯೇ ತಪ್ಪು ಹೊರಿಸುವ ಮೊದಲು ಇಂಗ್ಲೆಂಡಿನ ಒಂದು ಸಂಗತಿಯನ್ನು ನೆನೆಯುವುದು ಒಳಿತು. 1989ರ ಏಪ್ರಿಲ್ 15ರಂದು ಶೆಫೀಲ್ಡ್ ನಗರದ ಹಿಲ್ಸ್‌ಬರೋ ಮೈದಾನದಲ್ಲಿ ಫುಟ್ಬಾಲ್ ಪಂದ್ಯ ನೋಡಲು ಬಂದವರು ಕಂಬಿಗಳಿಗೆ ಒತ್ತಿ ಸಿಲುಕಿದರು. ಅದರಿಂದ ಸತ್ತವರ ಸಂಖ್ಯೆ ಒಟ್ಟು 97. ಪ್ರೇಕ್ಷಕರೇ ಕುಡಿದು ನುಗ್ಗಿದರೆಂಬ ಸುಳ್ಳು ಬಹುಕಾಲ ಹರಡಿತ್ತು. ತಮ್ಮ ಮಕ್ಕಳ ಹೆಸರಿನ ಮೇಲಿನ ಕಳಂಕವನ್ನು ತೊಳೆಯಲು ತಂದೆತಾಯಿಯರು 27 ವರ್ಷ ಹೋರಾಡಿದರು. ಪ್ರೇಕ್ಷಕರ ನಡತೆ ಇದಕ್ಕೆ ಕಾರಣವಲ್ಲ, ವ್ಯವಸ್ಥೆಯ ಹೊಣೆ ಹೊತ್ತವರ ಲೋಪಗಳೇ ಕಾರಣ ಎಂಬ ತೀರ್ಮಾನ ಬಂದದ್ದು 2016ರಲ್ಲಿ. ಅತಿಥಿಯನ್ನು ದೂಷಿಸುವುದು ಆತಿಥೇಯನಿಗೆ ಸುಲಭವಾಗಿ ಸಿಗುವ ಆಶ್ರಯ.

ಹಾಗಾದರೆ ಇಂತಹ ಕೂಟಗಳೇ ಬೇಡವೆನ್ನೋಣವೇ? ನಮ್ಮ ನೆಲಕ್ಕೆ ಈ ಪ್ರಶ್ನೆಯೂ ಹೊಸದಲ್ಲ. ಮಸ್ಕಿಯ ಬಂಡೆಯ ಮೇಲಿನ ಶಾಸನವು 1915ರಲ್ಲಿ ಬೆಳಕಿಗೆ ಬಂದು, ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬುದನ್ನು ಲೋಕಕ್ಕೆ ತಿಳಿಸಿತೆಂಬುದು ನಮ್ಮ ಮಕ್ಕಳಿಗೂ ಗೊತ್ತು. ಅದೇ ಅರಸನು ಗಿರ್ನಾರ್ ಮೊದಲಾದ ಕಡೆಗಳಲ್ಲಿ ಬರೆಯಿಸಿದ ಮೊದಲನೆಯ ಶಿಲಾಶಾಸನದಲ್ಲಿ ‘ಸಮಾಜ’ ಎಂದು ಕರೆಯುವ ಉತ್ಸವಕೂಟಗಳ ವಿಚಾರ ಬರುತ್ತದೆ. ಅವುಗಳಲ್ಲಿ ತಾನು ಬಹಳ ದೋಷಗಳನ್ನು ಕಾಣುತ್ತೇನೆ, ಆದರೂ ಒಳ್ಳೆಯವೆಂದು ಒಪ್ಪತಕ್ಕ ಕೂಟಗಳೂ ಉಂಟು ಎಂಬುದು ಅಲ್ಲಿನ ಅಭಿಪ್ರಾಯ. ಮಸ್ಕಿಯ ಶಾಸನವಾದರೋ, ಧರ್ಮದ ಮಾತನ್ನು ಸಣ್ಣವರಿಗೂ ದೊಡ್ಡವರಿಗೂ ಸಮನಾಗಿ ತಿಳಿಸಬೇಕೆನ್ನುತ್ತದೆ. ಈ ಎರಡನ್ನೂ ಕೂಡಿಸಿ ಓದಿದರೆ ನಮಗೊಂದು ಅಳತೆಗೋಲು ದೊರೆಯುತ್ತದೆ. ಯಾವ ಕೂಟದಲ್ಲಿ ಸಣ್ಣವನ ಜೀವಕ್ಕೂ ದೊಡ್ಡವನ ಜೀವಕ್ಕೂ ಒಂದೇ ಬೆಲೆಯೋ, ಅದು ಒಳ್ಳೆಯ ಕೂಟ.

ಈ ಅಳತೆಗೋಲು ಮುಂದೆಯೂ ಬೇಕಾಗುತ್ತದೆ. 2030ರ ಕಾಮನ್‌ವೆಲ್ತ್ ಕ್ರೀಡಾಕೂಟದ ಆತಿಥ್ಯ ಅಹಮದಾಬಾದಿಗೆ ದೊರೆತಿದೆ. 2036ರ ಒಲಿಂಪಿಕ್ಸಿಗೂ ನಮ್ಮ ದೇಶ ಕೈಚಾಚಿದೆ. ಇದು ಹೆಮ್ಮೆಯ ಸಂಗತಿಯೇ. ಆದರೆ 1976ರಲ್ಲಿ ಒಲಿಂಪಿಕ್ಸ್ ನಡೆಸಿದ ಕೆನಡಾದ ಮಾಂಟ್ರಿಯಲ್ ನಗರವು ಅದರ ಸಾಲವನ್ನು ತೀರಿಸಿದ್ದು ಮೂವತ್ತು ವರ್ಷಗಳ ಬಳಿಕ, 2006ರಲ್ಲಿ. ಆ ಆಟಗಳನ್ನು ನೋಡದ, ಆಗಿನ್ನೂ ಹುಟ್ಟದಿದ್ದ ಮಕ್ಕಳೂ ಅದರ ಋಣ ಹೊತ್ತರು. ದ್ವಾರದ ಬಳಿ ನಿಂತವನು ಮಾತ್ರವಲ್ಲ, ಮೈದಾನವನ್ನು ಕಟ್ಟುವ ಕೂಲಿಕಾರನೂ ನಾಳೆ ತೆರಿಗೆ ಕಟ್ಟುವ ಮಗುವೂ ಕೊನೆಯ ಪಂಕ್ತಿಯವರೇ. ಬರಗಾಲದಲ್ಲಿ ಕಟ್ಟಡದ ಕೆಲಸವನ್ನು ಅರಸಿ ಬೆಂಗಳೂರಿಗೆ ಗುಳೆ ಹೋಗುವ ನಮ್ಮ ಮಸ್ಕಿ, ಲಿಂಗಸುಗೂರು ತಾಲೂಕುಗಳ ಕುಟುಂಬಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ರಿಯ ಓದುಗರೇ, ಇವೆಲ್ಲ ದೊಡ್ಡವರ ವಿಷಯಗಳೆಂದು ನಾವು ಸುಮ್ಮನಾಗುವಂತಿಲ್ಲ. ಜೂನ್ ದುರಂತದ ನಂತರ ನಮ್ಮ ಸರ್ಕಾರವು ಜನಸಂದಣಿ ನಿಯಂತ್ರಣಕ್ಕಾಗಿ ಮಸೂದೆಯ ಕರಡನ್ನು ಸಿದ್ಧಪಡಿಸಿದಾಗ ಜಾತ್ರೆ, ರಥೋತ್ಸವ, ಉರುಸು ಮೊದಲಾದ ಧಾರ್ಮಿಕ ಕಾರ್ಯಕ್ರಮಗಳನ್ನು ಅದರಿಂದ ಹೊರಗಿರಿಸಲಾಗಿತ್ತು. ಕಾನೂನು ನಮ್ಮನ್ನು ಬಿಡಬಹುದು. ಅಂತಃಕರಣ ಬಿಡುವುದಿಲ್ಲ. ನಮ್ಮ ದೇವಾಲಯದ ಹಬ್ಬದಲ್ಲಿ ಯುವಕರು ರಾತ್ರಿ ದೀಪಗಳಡಿ ವಾಲಿಬಾಲ್ ಪಂದ್ಯಾವಳಿ ನಡೆಸುತ್ತಾರೆ. ಊರಲ್ಲಿ ಕಬಡ್ಡಿಗಾಗಿ ಕಟ್ಟಿಗೆಯ ಗ್ಯಾಲರಿ ಏಳುತ್ತದೆ. ಎತ್ತುಗಳು ಕಲ್ಲು ಎಳೆಯುವ ಸ್ಪರ್ಧೆಗೆ ಹತ್ತೂರ ಜನ ಸೇರುತ್ತಾರೆ. ಆಹ್ವಾನ ಪತ್ರಿಕೆಯಲ್ಲಿ ಯಾರ ಹೆಸರು ಮೊದಲು ಬರಬೇಕೆಂದು ನಾವು ಗಂಟೆಗಟ್ಟಲೆ ಚರ್ಚಿಸುತ್ತೇವೆ. ಆ ಗ್ಯಾಲರಿ ಎಷ್ಟು ಜನರ ಭಾರ ತಾಳುತ್ತದೆ, ವಿದ್ಯುತ್ ತಂತಿ ಎಲ್ಲಿ ಹಾದುಹೋಗಿದೆ, ಹೆಣ್ಣುಮಕ್ಕಳೂ ವೃದ್ಧರೂ ಹೊರಬರಲು ದಾರಿ ಯಾವುದು, ಕುಡಿಯುವ ನೀರು ಎಲ್ಲಿದೆ ಎಂದು ಎಷ್ಟು ಹೊತ್ತು ಚರ್ಚಿಸುತ್ತೇವೆ?

ಮುಂದಿನ ಹಬ್ಬದ ಸಮಿತಿ ಸಭೆ ಸೇರಿದಾಗ ಈ ಪ್ರಶ್ನೆಯನ್ನು ನಿಮ್ಮಲ್ಲಿ ಒಬ್ಬರಾದರೂ ಎದ್ದು ನಿಂತು ಕೇಳಿರಿ. ಉತ್ಸಾಹಕ್ಕೆ ಅಡ್ಡಿ ತಂದನೆಂದು ಕೆಲವರು ಮುಖ ಗಂಟಿಕ್ಕಬಹುದು. ಚಿಂತೆಯಿಲ್ಲ. ನಮ್ಮ ಕರೆಗೆ ಓಗೊಟ್ಟು ಬಂದ ಕೊನೆಯ ಮಗುವು ಕ್ಷೇಮವಾಗಿ ತನ್ನ ಮನೆಯ ಹೊಸ್ತಿಲನ್ನು ತುಳಿದಾಗಲೇ ನಮ್ಮ ಆಟ ಮುಗಿಯಿತೆಂದು ತಿಳಿಯೋಣ. ಬಹುಮಾನದ ಮಾತು ಅದರ ನಂತರದ್ದು.