ಮೈದಾನವಿಲ್ಲದವರ ಗಾಲ್ಫ್

ಬ್ರಿಟನ್ನಿನಲ್ಲಿ ಗಾಲ್ಫ್ ಆಡುವವರೆಲ್ಲರೂ ಗಾಲ್ಫ್ ಕ್ಲಬ್ಬಿನ ಸದಸ್ಯರಲ್ಲ. ಸ್ವಂತ ಮೈದಾನವಾಗಲಿ ಸ್ವಂತ ಕಟ್ಟಡವಾಗಲಿ ಇಲ್ಲದೆ, ಒಂದೇ ಕಚೇರಿಯಲ್ಲಿ ದುಡಿಯುವವರು, ಒಂದೇ ಊರಿನ ಪಬ್ಬಿಗೆ ಹೋಗುವವರು, ಒಂದೇ ವೃತ್ತಿಯವರು ಅಥವಾ ಒಂದೇ ಭಾಷೆಯವರು ಇಪ್ಪತ್ತು ಮೂವತ್ತು ಮಂದಿ ಕೂಡಿಕೊಂಡು, ವರ್ಷದಲ್ಲಿ ಕೆಲವು ಸಲ ಬೇರೆಬೇರೆ ಕ್ಲಬ್ಬುಗಳ ಮೈದಾನವನ್ನು ಒಂದು ದಿನದ ಮಟ್ಟಿಗೆ ಹಣ ಕೊಟ್ಟು ಗೊತ್ತುಮಾಡಿಕೊಂಡು ಆಡುವ ಪದ್ಧತಿ ಅಲ್ಲಿ ಆಳವಾಗಿ ಬೇರೂರಿದೆ. ಇಂತಹ ಕೂಟವನ್ನು ಗಾಲ್ಫ್ ಸೊಸೈಟಿ ಎಂದು ಕರೆಯುತ್ತಾರೆ. ಕ್ಲಬ್ಬಿನ ಸದಸ್ಯತ್ವ ದಕ್ಕದವರು ಮಾಡಿಕೊಂಡ ಎರಡನೇ ದರ್ಜೆಯ ಏರ್ಪಾಡು ಇದು ಎಂಬ ಭಾವನೆ ಕ್ಲಬ್ಬಿನ ಒಳಗೂ ಹೊರಗೂ ಇದೆ. ಆದರೆ ಆಟದ ಚರಿತ್ರೆಯನ್ನು ನೋಡಿದರೆ ಈ ಭಾವನೆ ನಿಲ್ಲುವುದಿಲ್ಲ. ಮೊದಲು ಹುಟ್ಟಿದ್ದು ಕೂಟ, ಬೇಲಿ ಹಾಕಿದ ಮೈದಾನ ಬಂದದ್ದು ಬಹಳ ಕಾಲದ ಮೇಲೆ.

ಗಾಲ್ಫಿನ ನಿಯಮಗಳು ಮೊದಲ ಬಾರಿಗೆ ಲಿಖಿತ ರೂಪ ಪಡೆದದ್ದು 1744ರಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋ ನಗರಕ್ಕೆ ಹೊಂದಿಕೊಂಡ ಲೀತ್ ಎಂಬ ಬಂದರು ಊರಿನಲ್ಲಿ. ಅಲ್ಲಿನ ಆಟಗಾರರು ನಗರಸಭೆಯಿಂದ ಬೆಳ್ಳಿಯ ಗಾಲ್ಫ್ ಕೋಲೊಂದನ್ನು ಬಹುಮಾನವಾಗಿ ಪಡೆದು, ಸ್ಪರ್ಧೆ ನಡೆಸಲು 13 ನಿಯಮಗಳನ್ನು ಬರೆದುಕೊಂಡರು. ಆ ಮೊದಲ ಸ್ಪರ್ಧೆಯಲ್ಲಿ ಗೆದ್ದವರು ಜಾನ್ ರ‍್ಯಾಟ್ರೆ ಎಂಬ ಶಸ್ತ್ರವೈದ್ಯರು. ಅವರೆಲ್ಲ ಆಡುತ್ತಿದ್ದ ಬಯಲು ಊರಿನ ಸಾರ್ವಜನಿಕ ಭೂಮಿಯಾಗಿತ್ತು, ಅಲ್ಲಿದ್ದದ್ದು ಐದೇ ಕುಳಿಗಳು, ಆಟ ಮುಗಿದ ಮೇಲೆ ಅವರು ಊಟಕ್ಕೆ ಕೂಡುತ್ತಿದ್ದದ್ದು ಹತ್ತಿರದ ಪಾನಗೃಹದಲ್ಲಿ. 1754ರಲ್ಲಿ ಸೇಂಟ್ ಆಂಡ್ರೂಸ್‌ನಲ್ಲಿ ಹುಟ್ಟಿ, ಮುಂದೆ ರಾಯಲ್ ಅಂಡ್ ಏನ್ಷಿಯೆಂಟ್ ಎಂಬ ಹೆಸರು ಪಡೆದು, ಜಗತ್ತಿನ ಬಹುಭಾಗಕ್ಕೆ ಆಟದ ನಿಯಮಗಳನ್ನು ರೂಪಿಸಿಕೊಟ್ಟ ಸಂಸ್ಥೆಯೂ ಆರಂಭದಲ್ಲಿ ಆ ಊರಿನ ಗಾಲ್ಫ್ ಆಟಗಾರರ ಸೊಸೈಟಿಯೇ ಆಗಿತ್ತು. ಅಲ್ಲಿನ ಪ್ರಸಿದ್ಧ ಓಲ್ಡ್ ಕೋರ್ಸ್ ಇಂದಿಗೂ ಆ ಕ್ಲಬ್ಬಿನ ಸ್ವತ್ತಲ್ಲ. ಸಾರ್ವಜನಿಕ ಭೂಮಿಯಾಗಿಯೇ ಉಳಿದಿರುವ ಅದನ್ನು ಒಂದು ಟ್ರಸ್ಟ್ ನೋಡಿಕೊಳ್ಳುತ್ತದೆ, ಸಾಮಾನ್ಯವಾಗಿ ಭಾನುವಾರಗಳಲ್ಲಿ ಅಲ್ಲಿ ಆಟವಿರುವುದಿಲ್ಲ, ಊರಿನ ಜನ ಮಕ್ಕಳನ್ನೂ ನಾಯಿಗಳನ್ನೂ ಕರೆದುಕೊಂಡು ಅದರ ಮೇಲೆ ಅಡ್ಡಾಡುತ್ತಾರೆ.

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ರೈಲುಮಾರ್ಗಗಳು ಹರಡಿ, ನಗರಗಳ ಮಧ್ಯಮ ವರ್ಗ ಬೆಳೆದಂತೆ, ಇಂಗ್ಲೆಂಡಿನ ಉದ್ದಗಲಕ್ಕೂ ಖಾಸಗಿ ಕ್ಲಬ್ಬುಗಳು ತಲೆಯೆತ್ತಿದವು. ಅವುಗಳ ಜೊತೆಗೆ ಪ್ರವೇಶ ಶುಲ್ಕ, ಶಿಫಾರಸು, ಕಾಯುವ ಪಟ್ಟಿ ಎಲ್ಲವೂ ಬಂದವು. ಯಾರನ್ನು ಒಳಗೆ ಬಿಟ್ಟುಕೊಳ್ಳಬೇಕು ಎಂಬ ನಿರ್ಧಾರ ಹಲವು ಕಡೆ ಆಟದ ಕೌಶಲಕ್ಕಿಂತ ಹುಟ್ಟನ್ನೇ ಆಧರಿಸಿತ್ತು. ಲೀಡ್ಸ್ ನಗರದ ಯಹೂದಿ ಆಟಗಾರರು 1923ರಲ್ಲಿ ಮೂರ್ ಅಲರ್ಟನ್ ಎಂಬ ತಮ್ಮದೇ ಕ್ಲಬ್ಬನ್ನು ಕಟ್ಟಿಕೊಂಡದ್ದರ ಹಿಂದೆ ಇಂತಹ ಮುಚ್ಚಿದ ಬಾಗಿಲುಗಳ ಅನುಭವವಿತ್ತು. ಸ್ವಂತ ಮೈದಾನ ಕೊಳ್ಳುವ ಶಕ್ತಿ ಇಲ್ಲದವರಿಗೆ, ಅಥವಾ ಅದರ ಅಗತ್ಯ ಕಾಣದವರಿಗೆ, ಸೊಸೈಟಿಯ ಹಳೆಯ ದಾರಿ ತೆರೆದೇ ಇತ್ತು. ಬಡವರಷ್ಟೇ ಈ ದಾರಿ ಹಿಡಿದರೆಂದು ತಿಳಿಯಬಾರದು. 1898ರಲ್ಲಿ ಸ್ಥಾಪನೆಯಾದ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ಹಳೆಯ ವಿದ್ಯಾರ್ಥಿಗಳ ಗಾಲ್ಫ್ ಸೊಸೈಟಿ ಪ್ರತಿ ಚಳಿಗಾಲ ರೈ ಎಂಬ, ಕಡಲಿಗೆ ಸಮೀಪದ ಊರಿನ ಕ್ಲಬ್ಬಿಗೆ ಹೋಗಿ ತನ್ನ ಸ್ಪರ್ಧೆಯನ್ನು ನಡೆಸುವ ಪದ್ಧತಿ 1920ರಿಂದ ಬಂದಿದೆ.

ಸೊಸೈಟಿಯ ಒಂದು ದಿನದ ಕಲಾಪಕ್ಕೆ ಬಹುಮಟ್ಟಿಗೆ ಒಂದೇ ಕ್ರಮವಿದೆ. ಸದಸ್ಯರು ಬೆಳಿಗ್ಗೆ ಎಂಟು, ಎಂಟೂವರೆಯ ಹೊತ್ತಿಗೆ ಕ್ಲಬ್ಬಿಗೆ ಬಂದು, ಕಾರಿನ ಹಿಂಬದಿಯಲ್ಲಿ ಕುಳಿತು ಮುಳ್ಳುಗಳಿರುವ ಬೂಟು ಹಾಕಿಕೊಂಡು, ಒಳಗೆ ಹೋಗಿ ಕಾಫಿಯೊಂದಿಗೆ ಬೇಕನ್ ಇಟ್ಟ ಬನ್ನು ತಿನ್ನುತ್ತಾರೆ; ಸಸ್ಯಾಹಾರಿಗಳು ಮೊದಲೇ ತಿಳಿಸಿದ್ದರೆ ಬೇಕನ್ನಿನ ಬದಲು ಅಣಬೆ ಇರುತ್ತದೆ. ಆ ವರ್ಷದ ನಾಯಕ, ಅಂದರೆ ಕ್ಯಾಪ್ಟನ್, ಗುಂಪುಗಳ ಪಟ್ಟಿ ಓದಿ ಸ್ಕೋರ್ ಕಾರ್ಡುಗಳನ್ನು ಹಂಚುತ್ತಾನೆ. ಅನಂತರ ಮೂರು ನಾಲ್ಕು ಮಂದಿಯ ಗುಂಪುಗಳು ಎಂಟು ಹತ್ತು ನಿಮಿಷಗಳ ಅಂತರದಲ್ಲಿ ಒಂದೊಂದಾಗಿ ಹೊರಡುತ್ತವೆ. ಚೆಂಡನ್ನು ಮೊದಲು ಹೊಡೆಯುವ ಸಮತಟ್ಟಾದ ಜಾಗಕ್ಕೆ ಟೀ ಎಂದೂ, ಅಲ್ಲಿಂದ ಮುಂದಕ್ಕೆ ಚಾಚಿದ ಕತ್ತರಿಸಿದ ಹುಲ್ಲಿನ ಹಾದಿಗೆ ಫೇರ್‌ವೇ ಎಂದೂ, ಕೊನೆಯಲ್ಲಿ ಚಾಪೆಯಷ್ಟು ನುಣುಪಾಗಿ ಕತ್ತರಿಸಿದ ಹುಲ್ಲಿನ ಅಂಗಳಕ್ಕೆ ಗ್ರೀನ್ ಎಂದೂ ಹೆಸರು. ಆ ಅಂಗಳದೊಳಗಿನ ಕುಳಿಯ ವ್ಯಾಸ ಎಲ್ಲೆಡೆಯೂ 108 ಮಿಲಿಮೀಟರ್. ಟೀಯಿಂದ ಗ್ರೀನಿನವರೆಗಿನ ಇಡೀ ಪಟ್ಟಿಯನ್ನೂ ಕುಳಿ ಎಂದೇ ಹೇಳುವುದು ವಾಡಿಕೆ, ಅಂತಹ 18 ಕುಳಿಗಳು ಸೇರಿದರೆ ಒಂದು ಸುತ್ತು. ಸುತ್ತು ಮುಗಿಸಲು ನಾಲ್ಕು, ನಾಲ್ಕೂವರೆ ಗಂಟೆ ಹಿಡಿಯುತ್ತದೆ.

ಈ ದಿನದ ತಿರುಳು ಇರುವುದು ಲೆಕ್ಕದಲ್ಲಿ. ಮೂವತ್ತು ವರ್ಷ ಆಡಿ ಪಳಗಿದವನೂ ಕಳೆದ ಬೇಸಿಗೆಯಲ್ಲಿ ಕೋಲು ಹಿಡಿದವನೂ ಒಂದೇ ಗುಂಪಿನಲ್ಲಿ ನಡೆದು, ಇಬ್ಬರೂ ಗೆಲ್ಲಬಹುದಾದ ಸ್ಪರ್ಧೆಯೊಂದನ್ನು ಆಡುವುದು ಹೇಗೆ ಎಂಬ ಪ್ರಶ್ನೆಗೆ ಗಾಲ್ಫ್ ಕೊಟ್ಟಷ್ಟು ಪೂರ್ಣವಾದ ಉತ್ತರವನ್ನು ಬೇರಾವ ಆಟವೂ ಕೊಟ್ಟಂತಿಲ್ಲ. ಉತ್ತರದ ಮೊದಲ ಭಾಗ ಹ್ಯಾಂಡಿಕ್ಯಾಪ್, ಅಂದರೆ ಆಟಗಾರನ ಕೌಶಲಕ್ಕೆ ತಕ್ಕಂತೆ ಅವನಿಗೆ ಸಲ್ಲುವ ರಿಯಾಯಿತಿಯ ಹೊಡೆತಗಳ ಸಂಖ್ಯೆ. 2020ರಿಂದ ಜಾರಿಗೆ ಬಂದಿರುವ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ಕೊನೆಯ 20 ಸುತ್ತುಗಳ ಪೈಕಿ ಅತ್ಯುತ್ತಮವಾದ 8ರ ಸರಾಸರಿಯನ್ನು ಆಧಾರವಾಗಿಟ್ಟುಕೊಂಡು ಈ ಸಂಖ್ಯೆಯನ್ನು ನಿಗದಿ ಮಾಡುತ್ತಾರೆ. ಗರಿಷ್ಠ ಮಿತಿ 54. ಕ್ಲಬ್ಬಿನ ಸದಸ್ಯರಲ್ಲದವರೂ ಅಧಿಕೃತ ಹ್ಯಾಂಡಿಕ್ಯಾಪ್ ಪಡೆಯುವ ವ್ಯವಸ್ಥೆಯನ್ನು ಇಂಗ್ಲೆಂಡಿನ ಗಾಲ್ಫ್ ಆಡಳಿತ ಸಂಸ್ಥೆ 2021ರಲ್ಲಿ ಆರಂಭಿಸಿತು. ಸೊಸೈಟಿಗಳ ಮಟ್ಟಿಗೆ ಇದು ಬಹಳ ತಡವಾಗಿ ಸಂದ ನ್ಯಾಯ.

ಉತ್ತರದ ಎರಡನೆಯ ಭಾಗ ಸ್ಟೇಬಲ್‌ಫರ್ಡ್ ಅಂಕಪದ್ಧತಿ. ಇದನ್ನು ರೂಪಿಸಿದವರು ಫ್ರ್ಯಾಂಕ್ ಸ್ಟೇಬಲ್‌ಫರ್ಡ್. ಲೀತ್‌ನ ರ‍್ಯಾಟ್ರೆಯಂತೆ ಇವರೂ ಶಸ್ತ್ರವೈದ್ಯರು, ಸೇನೆಯಲ್ಲಿ ವೈದ್ಯರಾಗಿ ದುಡಿದವರು. ಲಿವರ್‌ಪೂಲಿನಿಂದ ಮರ್ಸಿ ನದಿಯಾಚೆಗಿರುವ ವಾಲಸಿ ಕ್ಲಬ್ಬಿನಲ್ಲಿ ಕಡಲ ಗಾಳಿ ಬಿರುಸಾಗಿ ಬೀಸುವ ದಿನಗಳಲ್ಲಿ, ಸಾಧಾರಣ ಆಟಗಾರರು ಮೊದಲ ಮೂರು ನಾಲ್ಕು ಕುಳಿಗಳಲ್ಲೇ ಹೊಡೆತಗಳ ಲೆಕ್ಕ ಕೈಮೀರಿ, ಉಳಿದ ಆಟದ ಮೇಲಿನ ಆಸಕ್ತಿಯನ್ನೇ ಕಳೆದುಕೊಳ್ಳುವುದನ್ನು ಅವರು ಗಮನಿಸಿದ್ದರು. ಇಡೀ ಸುತ್ತಿನ ಹೊಡೆತಗಳನ್ನು ಕೂಡುವ ಬದಲು ಪ್ರತಿ ಕುಳಿಗೂ ಪ್ರತ್ಯೇಕವಾಗಿ ಅಂಕ ಕೊಡುವ ಅವರ ಪದ್ಧತಿಯಲ್ಲಿ ಮೊದಲ ಸ್ಪರ್ಧೆ ಅಲ್ಲಿ ನಡೆದದ್ದು 1932ರ ಮೇ 16ರಂದು. ನುರಿತ ಆಟಗಾರನೊಬ್ಬ ಒಂದು ಕುಳಿಗೆ ತೆಗೆದುಕೊಳ್ಳಬಹುದಾದ ಹೊಡೆತಗಳ ಸಂಖ್ಯೆಗೆ ಪಾರ್ ಎನ್ನುತ್ತಾರೆ. ರಿಯಾಯಿತಿ ಕಳೆದ ಮೇಲೆ ಪಾರ್ ಮಾಡಿದವನಿಗೆ 2 ಅಂಕ, ಒಂದು ಹೊಡೆತ ಹೆಚ್ಚಾದರೆ 1, ಒಂದು ಕಡಿಮೆಯಾದರೆ 3. ಎರಡು ಅಥವಾ ಅದಕ್ಕಿಂತ ಹೆಚ್ಚು ಹೊಡೆತ ಮೀರಿದರೆ ಸೊನ್ನೆ, ಅಲ್ಲಿಗೆ ಆ ಕುಳಿಯ ಕಥೆ ಮುಗಿಯಿತು.

ಇದು ಕೆಲಸ ಮಾಡುವ ಬಗೆಯನ್ನು ಒಂದೇ ಕುಳಿಯಲ್ಲಿ ನೋಡಬಹುದು. ಕಾರ್ಡಿನಲ್ಲಿ 18 ಕುಳಿಗಳಿಗೂ ಕಷ್ಟದ ಕ್ರಮಾಂಕವನ್ನು ಮುದ್ರಿಸಿರುತ್ತಾರೆ, ಒಂದು ಎಂದರೆ ಎಲ್ಲಕ್ಕಿಂತ ಕಠಿಣ. ಕಷ್ಟದ ಕ್ರಮಾಂಕ ಐದು ಮತ್ತು ಪಾರ್ ನಾಲ್ಕು ಇರುವ ಕುಳಿಯನ್ನು ಮೂವರು ಆಡುತ್ತಿದ್ದಾರೆ ಎಂದಿಟ್ಟುಕೊಳ್ಳೋಣ. ಹ್ಯಾಂಡಿಕ್ಯಾಪ್ 6 ಇರುವವನಿಗೆ ಅತಿ ಕಠಿಣವಾದ ಆರು ಕುಳಿಗಳಲ್ಲಿ ಒಂದೊಂದು ಹೊಡೆತದ ರಿಯಾಯಿತಿ ಸಿಗುವುದರಿಂದ, ಇಲ್ಲಿ ಐದು ಹೊಡೆತದಲ್ಲಿ ಮುಗಿಸಿದರೆ ಅದು ನಾಲ್ಕಕ್ಕೆ ಸಮ. 24 ಇರುವವನಿಗೆ ಎಲ್ಲ ಕುಳಿಗಳಲ್ಲೂ ಒಂದು, ಕಠಿಣವಾದ ಆರರಲ್ಲಿ ಮತ್ತೂ ಒಂದು ಸಿಗುವುದರಿಂದ, ಅವನು ಆರು ಹೊಡೆತದಲ್ಲಿ ಮುಗಿಸಿದರೂ ಅದು ನಾಲ್ಕಕ್ಕೇ ಸಮ. 54 ಇರುವ ಹೊಸಬನಿಗೆ ಎಲ್ಲ ಕುಳಿಗಳಲ್ಲೂ ಮೂರು ಮೂರು. ಅವನು ಏಳರಲ್ಲಿ ಮುಗಿಸಬಹುದು. ಮೂವರಿಗೂ 2 ಅಂಕ. ಇಲ್ಲಿ ಯಾರೂ ಯಾರ ಮೇಲೂ ದಯೆ ತೋರಿಲ್ಲ, ಯಾರೂ ಬೇಕೆಂದು ಸೋತುಕೊಟ್ಟಿಲ್ಲ. ಪ್ರತಿಯೊಬ್ಬನನ್ನೂ ಅವನದೇ ಸಾಮರ್ಥ್ಯದೊಂದಿಗೆ ಅಳೆಯಲಾಗಿದೆ, ಅಷ್ಟೆ. 18 ಕುಳಿಗಳಲ್ಲಿ 36 ಅಂಕ ಪಡೆದವನು ತನ್ನ ಮಟ್ಟಕ್ಕೆ ಸರಿಯಾಗಿ ಆಡಿದ್ದಾನೆ ಎಂದು ಅರ್ಥ.

ಈ ಲೆಕ್ಕ ನಿಂತಿರುವುದು ನಂಬಿಕೆಯ ಮೇಲೆ. ಸೊಸೈಟಿಯ ಆಟಕ್ಕೆ ತೀರ್ಪುಗಾರರಿರುವುದಿಲ್ಲ. ಆಟಗಾರರು ಆರಂಭದಲ್ಲೇ ಕಾರ್ಡುಗಳನ್ನು ಅದಲುಬದಲು ಮಾಡಿಕೊಂಡು, ಒಬ್ಬರ ಹೊಡೆತಗಳನ್ನು ಇನ್ನೊಬ್ಬರು ಬರೆದು, ಕೊನೆಯಲ್ಲಿ ಇಬ್ಬರೂ ಸಹಿ ಹಾಕುತ್ತಾರೆ. ಪೊದೆಯ ಹಿಂದೆ ತನ್ನಿಂದ ಚೆಂಡು ಅಲುಗಿದ್ದು ಹೊಡೆಯುವವನಿಗೆ ಮಾತ್ರ ಗೊತ್ತು, ಆದರೂ ಅವನೇ ಕೂಗಿ ಹೇಳಿ ತನ್ನ ಲೆಕ್ಕಕ್ಕೆ ಒಂದು ಹೊಡೆತ ಸೇರಿಸಿಕೊಳ್ಳುತ್ತಾನೆ. ಒಬ್ಬನ ಚೆಂಡು ಎತ್ತರದ ಹುಲ್ಲಿನಲ್ಲಿ ಕಳೆದರೆ ಗುಂಪಿನವರೆಲ್ಲ ಹುಡುಕಲು ಇಳಿಯುತ್ತಾರೆ, ಪ್ರತಿಸ್ಪರ್ಧಿಯೂ ಅಷ್ಟೇ ಶ್ರದ್ಧೆಯಿಂದ ಹುಡುಕುತ್ತಾನೆ; 2019ರ ನಿಯಮ ಪರಿಷ್ಕರಣೆ ಅದಕ್ಕೆ ಕೊಡುವ ಕಾಲವನ್ನು ಐದು ನಿಮಿಷದಿಂದ ಮೂರಕ್ಕೆ ಇಳಿಸಿದೆ. ಎತ್ತರದಿಂದ ಬಿದ್ದ ಚೆಂಡು ಗ್ರೀನಿನ ಮೇಲೆ ಮಾಡಿದ ತಗ್ಗನ್ನು ಸರಿಪಡಿಸುವುದೂ ಆಟಗಾರನ ಹೊಣೆ. ಎರಡು ಮೊನೆಗಳ ಪುಟ್ಟ ಕವಲುಕಡ್ಡಿಯನ್ನು ತಗ್ಗಿನ ಅಂಚಿಗೆ ಊರಿ, ಸುತ್ತಲಿನ ಹುಲ್ಲನ್ನು ನಾಲ್ಕೂ ಕಡೆಯಿಂದ ನಡುವಿನತ್ತ ತಳ್ಳಿ, ಕೊನೆಗೆ ಕೋಲಿನ ತಳದಿಂದ ಮೆತ್ತಗೆ ತಟ್ಟಬೇಕು. ಅಡಿಯಿಂದ ಮೇಲಕ್ಕೆ ಮೀಟಿದರೆ ಬೇರು ಹರಿದು ಹುಲ್ಲು ಒಣಗುತ್ತದೆ. ಪರರ ಮೈದಾನಕ್ಕೆ ಒಂದು ದಿನದ ಅತಿಥಿಗಳಾಗಿ ಹೋಗುವ ಸೊಸೈಟಿಯವರು ಈ ಕೆಲಸದಲ್ಲಿ ತೋರುವ ಅಚ್ಚುಕಟ್ಟು, ಮುಂದಿನ ವರ್ಷವೂ ಅವರಿಗೆ ಆ ಬಾಗಿಲು ತೆರೆದಿರುವಂತೆ ನೋಡಿಕೊಳ್ಳುತ್ತದೆ.

ಹೊರನಾಡಿನ ಕನ್ನಡಿಗರಿಗೆ ಈ ಸ್ಥಿತಿ ಅಪರಿಚಿತವೇನಲ್ಲ. ಯುಗಾದಿಗೂ ರಾಜ್ಯೋತ್ಸವಕ್ಕೂ ಶಾಲೆಯ ಸಭಾಂಗಣವನ್ನು ಒಂದು ದಿನದ ಮಟ್ಟಿಗೆ ಬಾಡಿಗೆಗೆ ಹಿಡಿದು, ತೋರಣ ಕಟ್ಟಿ, ಸಂಜೆ ಕುರ್ಚಿಗಳನ್ನು ಮೊದಲಿದ್ದಂತೆ ಜೋಡಿಸಿ ಹೊರಡುವ ಕನ್ನಡ ಸಂಘಗಳಂತೆಯೇ ಗಾಲ್ಫ್ ಸೊಸೈಟಿಯೂ ಆಸ್ತಿಯ ಬಲದಿಂದಲ್ಲ, ಪಟ್ಟಿಯಲ್ಲಿರುವ ಹೆಸರುಗಳ ಬಲದಿಂದ ಬದುಕುತ್ತದೆ. ಆಟದ ಪರಿಚಯವೂ ಕನ್ನಡ ನಾಡಿಗೆ ಹೊಸತಲ್ಲ: ಬ್ರಿಟಿಷ್ ದ್ವೀಪಗಳ ಹೊರಗಿನ ಅತ್ಯಂತ ಹಳೆಯ ಗಾಲ್ಫ್ ಕ್ಲಬ್ಬೆಂದು ಹೆಸರಾದ ರಾಯಲ್ ಕಲ್ಕತ್ತಾ 1829ರಲ್ಲಿ ಸ್ಥಾಪನೆಯಾದರೆ, ಸ್ಯಾಂಕಿ ರಸ್ತೆಯ ಬೆಂಗಳೂರು ಗಾಲ್ಫ್ ಕ್ಲಬ್ 1876ರಲ್ಲಿ ಬಂದಿತು. ಮೈಸೂರಿನಲ್ಲಿ ಜಯಚಾಮರಾಜ ಒಡೆಯರ್ ಹೆಸರಿನ ಕ್ಲಬ್ಬಿದೆ, ಕೊಡಗಿನಲ್ಲಿಯೂ ಮೈದಾನಗಳಿವೆ. ಆದರೆ ಊರಿನಲ್ಲಿ ಬಹುಪಾಲು ಕನ್ನಡಿಗರು ಈ ಮೈದಾನಗಳನ್ನು ಬೇಲಿಯ ಆಚೆಯಿಂದಷ್ಟೇ ನೋಡಿದ್ದಾರೆ, ಇಲ್ಲವೇ ಪರರ ಚೀಲ ಹೊರುವ ಕ್ಯಾಡಿಗಳಾಗಿ ಒಳಹೊಕ್ಕಿದ್ದಾರೆ. ಬ್ರಿಟನ್ನಿನ ಸೊಸೈಟಿಯಲ್ಲಿ ಕ್ಯಾಡಿ ಇಲ್ಲ. ವೈದ್ಯನಾಗಲಿ ಬಸ್ ಚಾಲಕನಾಗಲಿ ತನ್ನ ಗಾಡಿಯನ್ನು ತಾನೇ ಎಳೆದುಕೊಂಡು ನಡೆಯುತ್ತಾನೆ. ಎರಡು ಹೊಡೆತಗಳ ನಡುವೆ ನೂರಾರು ಗಜ ನಡೆಯಬೇಕಾದ ಈ ಆಟದಲ್ಲಿ ಮಾತಿಗೆ ಸಿಗುವಷ್ಟು ಬಿಡುವು ಬೇರೆ ಆಟಗಳಲ್ಲಿ ಸಿಗುವುದಿಲ್ಲ, ಊರಿನಲ್ಲಿ ಒಬ್ಬಂಟಿಯಾಗಿರುವ ತಾಯಿಯ ಚಿಂತೆ, ಮಕ್ಕಳ ಕಾಲೇಜು, ಕೈತಪ್ಪಿದ ನೌಕರಿ ಇವೆಲ್ಲ ಮುಖಾಮುಖಿ ಕುಳಿತಾಗ ಬಾರದೆ, ಪಕ್ಕಪಕ್ಕದಲ್ಲಿ ನಡೆಯುವಾಗ ತಾವಾಗಿ ಬಾಯಿಗೆ ಬರುತ್ತವೆ.

ಆಟ ಮುಗಿದ ಮೇಲೆ ಒಟ್ಟಿಗೆ ಊಟ, ಬಹುಮಾನ ವಿತರಣೆ. ಒಂದು ಗೊತ್ತಾದ ಕುಳಿಯಲ್ಲಿ ಧ್ವಜದ ಕಂಬಕ್ಕೆ ಅತಿ ಸಮೀಪ ಚೆಂಡು ನಿಲ್ಲಿಸಿದವನಿಗೂ, ಇನ್ನೊಂದರಲ್ಲಿ ಅತಿ ದೂರ ಹೊಡೆದವನಿಗೂ ಪ್ರತ್ಯೇಕ ಬಹುಮಾನಗಳಿರುತ್ತವೆ. ಹುಲ್ಲಿಗೆ ಚುಚ್ಚಿದ ಕಡ್ಡಿಯ ಕಾಗದದ ಮೇಲೆ ಹಿಂದಿನವನ ಹೆಸರು ಹೊಡೆದು ತನ್ನದನ್ನು ಬರೆದವನು, ಹಿಂದೆ ಬರುವ ಗುಂಪುಗಳೆಲ್ಲ ಮುಗಿಯುವವರೆಗೂ ಕಾಯಬೇಕು. ಗೆದ್ದವನಿಗೆ ಬಟ್ಟಲಿನ ಜೊತೆಗೆ ಹಲವು ಸೊಸೈಟಿಗಳಲ್ಲಿ ಮುಂದಿನ ಕೂಟಕ್ಕೆ ಒಂದೆರಡು ಹೊಡೆತಗಳ ರಿಯಾಯಿತಿ ಕಡಿತವೂ ಸಲ್ಲುತ್ತದೆ, ಇದರಿಂದ ಬಹುಮಾನ ಒಬ್ಬರ ಕೈಯಲ್ಲೇ ನಿಲ್ಲದೆ ಸುತ್ತುತ್ತದೆ.

ಇಷ್ಟು ನ್ಯಾಯವಾದ ಲೆಕ್ಕವನ್ನು ಕಂಡುಕೊಂಡ ಆಟ ಹೆಣ್ಣುಮಕ್ಕಳ ವಿಷಯದಲ್ಲಿ ಬಹುಕಾಲ ನ್ಯಾಯವಾಗಿ ನಡೆದುಕೊಳ್ಳಲಿಲ್ಲ ಎಂಬುದನ್ನು ಮರೆಮಾಚಬಾರದು. ಸೇಂಟ್ ಆಂಡ್ರೂಸ್‌ನ ಹಳೆಯ ಕ್ಲಬ್ ಮಹಿಳೆಯರಿಗೆ ಸದಸ್ಯತ್ವ ಕೊಡಲು ಒಪ್ಪಿದ್ದು 2014ರಲ್ಲಿ; ಲೀತ್‌ನಲ್ಲಿ ಮೊದಲ ನಿಯಮ ಬರೆದವರ ವಾರಸುದಾರರಾದ ಮ್ಯೂರ್‌ಫೀಲ್ಡ್ ಕ್ಲಬ್ಬಿನವರು 2017ರಲ್ಲಿ. ಅದೇ 2017ರವರೆಗೆ ಮಹಿಳೆಯರಿಗೆ ಪೂರ್ಣ ಸದಸ್ಯತ್ವ ಕೊಡದಿದ್ದ ಜಪಾನಿನ ಕಸುಮಿಗಸೆಕಿ ಮೈದಾನದಲ್ಲಿಯೇ, 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ, ಬೆಂಗಳೂರಿನ ಅದಿತಿ ಅಶೋಕ್, ತಾಯಿಯೇ ಕ್ಯಾಡಿಯಾಗಿ ಜೊತೆಗಿರಲು, ಒಂದೇ ಹೊಡೆತದಿಂದ ಪದಕ ತಪ್ಪಿ ನಾಲ್ಕನೆಯವರಾದರು. ಸೊಸೈಟಿಗಳಿಗಾದರೋ ಕಾಯಬೇಕಾದ ಮತದಾನವಿಲ್ಲ, ಬದಲಿಸಬೇಕಾದ ಹಳೆಯ ಕಟ್ಟಳೆಯಿಲ್ಲ. ಮೈದಾನದ ಒಂದೊಂದು ಟೀಗೂ ಗಂಡಸರಿಗೂ ಹೆಂಗಸರಿಗೂ ಬೇರೆಬೇರೆಯಾಗಿ ಕಷ್ಟದ ಪ್ರಮಾಣವನ್ನು ನಿಗದಿಪಡಿಸಿರುವುದರಿಂದ, ಮುಂದಿನ ಟೀಯಿಂದ ಆಡುವ ಹೆಂಡತಿಯೂ ಹಿಂದಿನ ಟೀಯಿಂದ ಆಡುವ ಗಂಡನೂ ಅವರ ಕಾಲೇಜು ಓದುವ ಮಗಳೂ ಒಂದೇ ಗುಂಪಿನಲ್ಲಿ ಒಂದೇ ಬಹುಮಾನಕ್ಕಾಗಿ ಸ್ಪರ್ಧಿಸಬಹುದು. ಹೊರನಾಡ ಕನ್ನಡಿಗರ ಗಾಲ್ಫ್ ದಿನಗಳು ಗಂಡಸರದಷ್ಟೇ ಕೂಟವಾಗಿ ಉಳಿಯುವುದಕ್ಕೆ ಆಟದೊಳಗೆ ಯಾವ ಕಾರಣವೂ ಇಲ್ಲ.