ಯಾರ ಕೈಯಿಂದ ಬಂದ ಹಣ?

ಸಂಪತ್ತಿನ ಬಗ್ಗೆ ಎರಡು ಪ್ರಶ್ನೆಗಳಿಗೆ ಉತ್ತರಿಸದೆ ಅಂತಿಮ ದಿನ ಮನುಷ್ಯನು ನಿಂತಲ್ಲಿಂದ ಕದಲಲಾರನೆಂದು ಪ್ರವಾದಿ(ಸ)ರವರು ಎಚ್ಚರಿಸಿದ್ದಾರೆ. ಅದನ್ನು ಎಲ್ಲಿಂದ ಸಂಪಾದಿಸಿದೆ? ಯಾವುದಕ್ಕೆ ಖರ್ಚು ಮಾಡಿದೆ? ಎರಡನೆಯ ಪ್ರಶ್ನೆಯನ್ನು ನಾವು ಆಗಾಗ ನೆನೆಯುತ್ತೇವೆ, ಮದುವೆಯ ದುಂದುವೆಚ್ಚವನ್ನು ಖಂಡಿಸುತ್ತೇವೆ. ಆದರೆ ಮೊದಲನೆಯದು? ಮೊಬೈಲಿನ ಪರದೆಯಲ್ಲಿ ಏರುವ ಅಂಕಿಗೆ ಮುಖವಿಲ್ಲ. ಅದು ಯಾರ ಜೇಬಿನಿಂದ ಬಂತೆಂದು ಅದು ಹೇಳುವುದಿಲ್ಲ.

ಅಮೆರಿಕದಲ್ಲಿ ನಡೆದ ಒಂದು ಘಟನೆಯನ್ನು ನೋಡೋಣ. ಗೇಮ್‌ಸ್ಟಾಪ್ ಎಂಬುದು ವಿಡಿಯೋ ಆಟಗಳನ್ನು ಮಾರುವ ಅಂಗಡಿಗಳ ಕಂಪೆನಿ. 2020ರಲ್ಲಿ ಕೆಲವು ತಿಂಗಳು ಅದರ ಷೇರು 5 ಡಾಲರಿಗೂ ಕೆಳಗಿತ್ತು. ಅದು ಇನ್ನೂ ಕುಸಿಯುವುದೆಂದು ನಂಬಿದ ದೊಡ್ಡ ಹಣವಂತರು 'ಶಾರ್ಟ್ ಸೆಲ್ಲಿಂಗ್' ಮಾಡಿದರು. ನೆರೆಯವನಿಂದ ಒಂದು ಮೂಟೆ ಅಡಿಕೆಯನ್ನು ಎರವಲು ತಂದು ಇಂದೇ ಮಾರಿ, ಬೆಲೆ ಇಳಿದಾಗ ಅಗ್ಗಕ್ಕೆ ಕೊಂಡು ಹಿಂದಿರುಗಿಸಿ, ನಡುವಿನ ಹಣವನ್ನು ಜೇಬಿಗಿಳಿಸುವಂತಹ ವ್ಯವಹಾರವಿದು. ಒಂದೇ ಷೇರು ಮತ್ತೆ ಮತ್ತೆ ಎರವಲು ಹೋಗಿ, ಪೇಟೆಯಲ್ಲಿ ಲಭ್ಯವಿದ್ದುದಕ್ಕಿಂತಲೂ ಹೆಚ್ಚು ಷೇರುಗಳು ಹೀಗೆ ಮಾರಲ್ಪಟ್ಟಿದ್ದವು.

ಇದನ್ನರಿತ ಸಣ್ಣ ಹೂಡಿಕೆದಾರರು ಒಟ್ಟಾಗಿ ಷೇರು ಕೊಳ್ಳತೊಡಗಿದರು. ಬೆಲೆ ಏರಿತು. ಎರವಲು ಮಾರಿದವರು ಹಿಂದಿರುಗಿಸಲಿಕ್ಕಾಗಿ ಎಷ್ಟಾದರೂ ತೆತ್ತು ಕೊಳ್ಳಬೇಕಾಯಿತು. ಇದಕ್ಕೆ 'ಶಾರ್ಟ್ ಸ್ಕ್ವೀಜ್' ಎನ್ನುತ್ತಾರೆ. 2021ರ ಜನವರಿ 28ರಂದು ಬೆಲೆ ಒಂದು ಹಂತದಲ್ಲಿ 483 ಡಾಲರ್ ಮುಟ್ಟಿತು. ಫೆಬ್ರವರಿ 2ಕ್ಕೆ 90, ಫೆಬ್ರವರಿ 19ಕ್ಕೆ ಸುಮಾರು 40 ಡಾಲರ್! ಆಮೇಲೂ ಹಲವು ಬಾರಿ ಏರಿತು, ಇಳಿಯಿತು.

ಗೆದ್ದವರು ಯಾರು? ಅಗ್ಗದಲ್ಲಿ ಕೊಂಡು ಸಕಾಲದಲ್ಲಿ ಮಾರಿದ ಕೆಲವರು. ಅವರಲ್ಲಿ ಸೆನ್‌ವೆಸ್ಟ್ ಎಂಬ ದೊಡ್ಡ ಹೂಡಿಕೆ ಸಂಸ್ಥೆಯೂ ಇತ್ತು. ಅದರ ಲಾಭ ಸುಮಾರು 70 ಕೋಟಿ ಡಾಲರ್. ಕಂಪೆನಿಯೂ ಅದೇ ವರ್ಷ ಹೊಸ ಷೇರುಗಳನ್ನು ಮಾರಿ 160 ಕೋಟಿ ಡಾಲರಿಗೂ ಹೆಚ್ಚು ಪಡೆಯಿತು. ಜನ ಕೊಳ್ಳಲಿ, ಮಾರಲಿ, ಪ್ರತಿ ವ್ಯವಹಾರದಲ್ಲೂ ಸಂಪಾದಿಸುವ ಮಧ್ಯವರ್ತಿಗಳು ಬೇರೆ. ಸೋತವರಲ್ಲಿ ಮೆಲ್ವಿನ್ ಕ್ಯಾಪಿಟಲ್ ಎಂಬ ಧನಿಕ ಸಂಸ್ಥೆಯಿತ್ತು. ಆ ಒಂದೇ ತಿಂಗಳಲ್ಲಿ ಅದು ಶೇ. 53 ನಷ್ಟ ಅನುಭವಿಸಿತು, 2022ರಲ್ಲಿ ಬಾಗಿಲು ಮುಚ್ಚಲು ನಿರ್ಧರಿಸಿತು.

"ಸಿರಿವಂತರ ಹಣವನ್ನು ಬಡವರು ಕಸಿದರಲ್ಲ, ಒಳ್ಳೆಯದೇ ಆಯಿತು" ಎಂದು ಕೆಲವರು ಸಂತೋಷಪಟ್ಟರು. ಆದರೆ ಅಮೆರಿಕದ ಷೇರುಪೇಟೆ ನಿಯಂತ್ರಣ ಸಂಸ್ಥೆಯ ಅಧಿಕಾರಿಗಳು 2021ರ ಅಕ್ಟೋಬರಿನಲ್ಲಿ ನೀಡಿದ ವರದಿಯು ಬೇರೆಯೇ ಮಾತನ್ನು ಹೇಳಿತು. ಎರವಲು ಮಾರಿದವರ ಖರೀದಿಯು ಒಟ್ಟು ಖರೀದಿಯಲ್ಲಿ ಒಂದು ಸಣ್ಣ ಪಾಲು ಮಾತ್ರ. ವಾರಗಟ್ಟಲೆ ಬೆಲೆಯನ್ನು ಎತ್ತಿ ಹಿಡಿದದ್ದು ಕೊಳ್ಳುವವರ ಉತ್ಸಾಹ. ಅಂದರೆ ಮೊದಲು ಬಂದವನ ಲಾಭವನ್ನು ತೆತ್ತವನು ಧನಿಕ ಮಾತ್ರವಲ್ಲ. ಸುದ್ದಿ ಕೇಳಿ ಕೊನೆಗೆ ಓಡಿ ಬಂದ, ಅವನಂತಹುದೇ ಇನ್ನೊಬ್ಬ ಸಂಬಳದಾರನೂ ಹೌದು.

ಓದುಗ ಬಂಧುಗಳೇ, ವ್ಯಾಪಾರಕ್ಕೂ ಜೂಜಿಗೂ ಇರುವ ಅಂತರ ಇಲ್ಲಿದೆ. ಅಕ್ಕಿ ಮಾರಿದವನಿಗೆ ಹಣ, ಕೊಂಡವನ ಮನೆಗೆ ಅನ್ನ. ಇಬ್ಬರೂ ಏನಾದರೊಂದನ್ನು ಪಡೆದೇ ಮರಳುತ್ತಾರೆ. ಜೂಜಿನಲ್ಲಿ ಒಬ್ಬನ ನಗುವಿಗೆ ಇನ್ನೊಬ್ಬನ ಅಳು ಬೇಕೇ ಬೇಕು. ಅನ್ಯರ ಸೊತ್ತನ್ನು ಅನ್ಯಾಯವಾಗಿ ಕಬಳಿಸುವುದನ್ನು ನಿಷೇಧಿಸಿದ ಪವಿತ್ರ ಕುರ್‌ಆನ್, ಪರಸ್ಪರ ಒಪ್ಪಿಗೆಯ ವ್ಯಾಪಾರವನ್ನು ಅನುಮತಿಸಿದೆ. ಜೂಜನ್ನು ಮದ್ಯದ ಜೊತೆಗಿರಿಸಿ ಹೊಲಸೆಂದಿದೆ. ತನ್ನ ಬಳಿ ಇಲ್ಲದ್ದನ್ನು ಮಾರಬಾರದೆಂದು ಪ್ರವಾದಿ(ಸ)ರವರು ಹಕೀಮ್ ಬಿನ್ ಹಿಝಾಮ್(ರ)ರಿಗೆ ತಿಳಿಸಿದ್ದರು. ಕೊಳ್ಳುವ ಇರಾದೆಯಿಲ್ಲದೆ ಬೆಲೆಯೇರಿಸಿ ಇತರರನ್ನು ವಂಚಿಸುವ 'ನಜಶ್' ಅನ್ನೂ ಅವರು ನಿಷೇಧಿಸಿದರು. ಒಳಗೊಳಗೇ ಮಾರುವ ಸಿದ್ಧತೆ ನಡೆಸುತ್ತಾ "ಇದು ಹತ್ತು ಪಟ್ಟಾಗುತ್ತದೆ, ಬಿಡಬೇಡಿ" ಎಂದು ಮೊಬೈಲಿನಲ್ಲಿ ಸಂದೇಶ ಕಳುಹಿಸುವವನು ಈ ಎಚ್ಚರಿಕೆಯಿಂದ ಪಾರಾದಾನೆಯೇ?

ಇದು ದೂರದ ಕಥೆಯೆಂದು ಸುಮ್ಮನಿರುವಂತಿಲ್ಲ. ನಮ್ಮ ದೇಶದ ಎಫ್ ಆಂಡ್ ಓ ವ್ಯವಹಾರ ಬೇರೆ ವಿಧದ್ದಾದರೂ ಆಸೆ ಅದೇ. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಅದಕ್ಕಿಳಿದ ಒಂದು ಕೋಟಿಗೂ ಹೆಚ್ಚು ಜನರಲ್ಲಿ ಶೇ. 93 ಮಂದಿ ನಷ್ಟ ಅನುಭವಿಸಿದರೆಂದು ಸೆಬಿ 2024ರಲ್ಲಿ ತಿಳಿಸಿತು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಅಧಿಕ.

ಷೇರುಗಳೆಲ್ಲವೂ ಹರಾಮ್ ಎಂದು ಇದರರ್ಥವಲ್ಲ. ಧರ್ಮಸಮ್ಮತ ವ್ಯವಹಾರ ನಡೆಸುವ ಕಂಪೆನಿಯಲ್ಲಿ ಪಾಲು ಪಡೆದು ಅದರ ಲಾಭನಷ್ಟಗಳಲ್ಲಿ ಭಾಗಿಯಾಗುವುದನ್ನು ಅನೇಕ ವಿದ್ವಾಂಸರು ಷರತ್ತುಗಳೊಂದಿಗೆ ಅನುಮತಿಸಿದ್ದಾರೆ. ಹಣ ಹೂಡುವ ಮುನ್ನ ಬಲ್ಲವರೊಡನೆ ಕೇಳಿರಿ.

ಹೆತ್ತವರೇ, ಮಗ ದಿಢೀರನೆ ಹಣ ತಂದರೆ "ಎಷ್ಟು?" ಎಂದು ಕೇಳಿ ಹಿಗ್ಗುವ ಬದಲು "ಎಲ್ಲಿಂದ?" ಎಂದು ಕೇಳಿರಿ. ತಾಯಿಯ ಬಳೆ ಅಡವಿಟ್ಟು, ಹಜ್ಜಿಗೆ ಕೂಡಿಟ್ಟ ಹಣವನ್ನು ಮುಟ್ಟಿ ಆಡುವ ಆಟದಲ್ಲಿ ಸೋತರೆ ಮನೆ ಹಾಳು. ಗೆದ್ದರೆ ಇನ್ನೊಬ್ಬನ ತಾಯಿಯ ಬಳೆ ನಮ್ಮ ಮನೆ ಸೇರುತ್ತದೆ. ಅದರ ಲೆಕ್ಕವನ್ನು ಅಲ್ಲಾಹನ ಮುಂದೆ ನಾವೇ ಒಪ್ಪಿಸಬೇಕು.

ಸ್ವಲ್ಪವಾದರೂ ಶುದ್ಧವಾದ ಸಂಪಾದನೆಯನ್ನೂ ಅದರಲ್ಲಿ ಬರ್ಕತ್ತನ್ನೂ ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.