ಮನೆ ಬಿಟ್ಟವರು ಮನೆಯನ್ನು ಮರೆತರೇ?



ನಮ್ಮ ಮಂಗಳೂರಿನ ಕುದ್ರೋಳಿಯಲ್ಲಿ 1912ರಲ್ಲಿ ಗೋಕರ್ಣನಾಥನ ಪ್ರತಿಷ್ಠೆ ಮಾಡಿದ ಬ್ರಹ್ಮಶ್ರೀ ನಾರಾಯಣ ಗುರುಗಳು ಹುಟ್ಟಿದ್ದು ತಿರುವನಂತಪುರದ ಹತ್ತಿರದ ಚೆಂಬಳಂತಿಯಲ್ಲಿ, ಬೇಸಾಯದ ಮನೆಯಲ್ಲಿ. ತಂದೆ ಮಾಡನ್ ಆಶಾನ್ ಗದ್ದೆ ಕೆಲಸವನ್ನೂ ಮಾಡುತ್ತಿದ್ದರು, ಊರವರಿಗೆ ರಾಮಾಯಣ, ಮಹಾಭಾರತವನ್ನೂ ಹೇಳುತ್ತಿದ್ದರು. ತಾಯಿ ಕುಟ್ಟಿಯಮ್ಮ. ಸೋದರಮಾವ ಕೃಷ್ಣನ್ ವೈದ್ಯರು ಆಯುರ್ವೇದ ಪಂಡಿತರು. ಮನೆಗೆ ಒಬ್ಬನೇ ಗಂಡುಮಗ 'ನಾಣು'. ದನ ಮೇಯಿಸುತ್ತಾ ಬೆಳೆದ ಆ ಹುಡುಗನೇ ಮುಂದೆ ಮನೆ ಬಿಟ್ಟು ಹೊರಟದ್ದು.

ಇದು ಸರಿಯೋ? ಹೆತ್ತವರನ್ನು ಬಿಟ್ಟು ಹೋದವನಿಗೆ ಪುಣ್ಯ ಬರ್ತದೋ ಅಂತ ಕೇಳುವವರುಂಟು. ಕೇಳಬೇಕಾದ ಪ್ರಶ್ನೆಯೇ.

ಹೊರೆ ತಪ್ಪಿಸಿಕೊಳ್ಳಲು ಮನೆ ಬಿಡುವವನು ಬೇರೆ, ಹೆಚ್ಚಿನ ಹೊರೆ ಹೊರಲು ಬಿಡುವವನು ಬೇರೆ. ಗುರುಗಳು 1888ರಲ್ಲಿ ಅರುವಿಪ್ಪುರದಲ್ಲಿ ಶಿವಲಿಂಗ ಪ್ರತಿಷ್ಠಾಪಿಸಿದರು. ದೇವಸ್ಥಾನದ ಹೊರಗೇ ನಿಂತು ಕೈಮುಗಿಯಬೇಕಾಗಿದ್ದ ಜನರಿಗೆ ಬಾಗಿಲು ತೆರೆಯಿತು. ಹೊಯಿಗೆ ಬಜಾರಿನ ಕೊರಗಪ್ಪನವರು ಮುಂದಾಗಿ ಕರೆದಾಗ ಇಲ್ಲಿಗೂ ಬಂದರು. ತಂದೆ ಒಂದು ಊರಿಗೆ ಹೇಳಿದ್ದನ್ನು ಮಗ ನಾಡಿಗೇ ಹೇಳಿದರು.

ಹಾಗಂತ ಆ ತಾಯಿಯ ಮನೆಯಲ್ಲಿ ಖಾಲಿಯಾದ ಜಾಗ ತುಂಬಿತು ಅಂತ ಹೇಳಲಿಕ್ಕಾಗುವುದಿಲ್ಲ. ದೊಡ್ಡವರ ತ್ಯಾಗದಲ್ಲಿ ಮನೆಯವರ ಪಾಲೂ ಉಂಟು, ಅವರಿಗೂ ಒಂದು ನಮಸ್ಕಾರ ಸಲ್ಲಬೇಕು.

ನಾವು ನೀವು ಗುರುಗಳಲ್ಲ. ಬೆಟ್ಟ ಹತ್ತಿ ಸಂಜೆ ಬಸ್ಸಿಗೆ ಇಳಿಯುವವರು. ಇವತ್ತು ಮನೆಯಲ್ಲಿ ವಯಸ್ಸಾದವರಿಗೆ ಗಂಜಿ ಕೊಡಲಿಕ್ಕೆ ಯಾರೋ ಉಳಿದಿರಬಹುದು. ಪ್ರಸಾದದ ಮೊದಲ ಪಾಲು ಅವರಿಗೆ ಕೊಡಿ. ಮುಂದಿನ ಸಲ ನೀವು ಮನೆಯಲ್ಲಿ ನಿಂತು ಅವರನ್ನು ಕಳಿಸಿಕೊಡಿ. ಅದೂ ಯಾತ್ರೆಯೇ.